ಟಕೋಮಾದ ಸ್ಟೇಡಿಯಂ ಬೌಲ್

ಶಾಲೆಯ ಹೆಸರನ್ನು ಆಟದ ಬಯಲಿಗೆ ಇಡುವುದು ವಾಡಿಕೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಈ ಊರಿನಲ್ಲಿ ಆದದ್ದು ಉಲ್ಟಾ. ಟಕೋಮಾ ಹೈಸ್ಕೂಲು 1913ರಲ್ಲಿ ತನ್ನ ಕ್ರೀಡಾಂಗಣವಾದ ಸ್ಟೇಡಿಯಂ ಬೌಲ್‌ನ ದೆಸೆಯಿಂದ ಸ್ಟೇಡಿಯಂ ಹೈಸ್ಕೂಲಾಯಿತು.

ಕ್ರೀಡಾಂಗಣದ ಮೇಲ್ಗಡೆ ಕಾಣುವ ಗೋಪುರಗಳ ಈ ಶಾಲಾ ಕಟ್ಟಡ ಶಾಲೆಗೆಂದು ಎದ್ದದ್ದಲ್ಲ. ನಾರ್ದರ್ನ್ ಪೆಸಿಫಿಕ್ ರೈಲು ಕಂಪನಿ 1891ರಲ್ಲಿ ಇದನ್ನು ಐಷಾರಾಮಿ ಹೋಟೆಲಾಗಿ ಕಟ್ಟಿಸತೊಡಗಿತ್ತು. 1893ರ ಆರ್ಥಿಕ ಕುಸಿತದಿಂದ ಕೆಲಸ ನಿಂತಿತು, 1898ರ ಬೆಂಕಿಗೆ ಒಳಭಾಗ ಆಹುತಿಯಾಯಿತು. ಗೋಡೆಗಳ ಇಟ್ಟಿಗೆಯನ್ನೂ ಕಳಚಿ ಸಾಗಿಸುತ್ತಿದ್ದಾಗ ಶಾಲಾ ಮಂಡಳಿ ಅಡ್ಡಬಂದು ಕೊಂಡುಕೊಂಡಿತು. ವಾಸ್ತುಶಿಲ್ಪಿ ಫ್ರೆಡರಿಕ್ ಹೀತ್ ಆ ಅವಶೇಷವನ್ನು ಶಾಲೆಯಾಗಿ ಮಾರ್ಪಡಿಸಿದರು. 1906ರಲ್ಲಿ ಪಾಠ ಶುರುವಾಯಿತು.

ಮುಂದೆ ಹೀತ್ ಅವರ ಕಣ್ಣು ಬಿದ್ದದ್ದು ಪಕ್ಕದ ಆಳವಾದ ಕೊರಕಲಿನ ಮೇಲೆ. ರಭಸದ ನೀರು ಹಾಯಿಸಿ ಮಣ್ಣು ಕರಗಿಸಿ, ತಳ ತುಂಬಿ ಸಮ ಮಾಡಿ, ಮೂರು ಮಗ್ಗುಲಿಗೂ ಕಾಂಕ್ರೀಟ್ ಮೆಟ್ಟಿಲು ಕೂರಿಸಲಾಯಿತು. ನಾಲ್ಕನೆಯ ಮಗ್ಗುಲು ಕಮೆನ್ಸ್‌ಮೆಂಟ್ ಕೊಲ್ಲಿಯತ್ತ ತೆರೆದೇ ಇದೆ. ಆಟ ಸಪ್ಪೆಯಾದರೂ ನೋಡಲು ಸಮುದ್ರವಿತ್ತು!

1910ರಲ್ಲಿ ಉದ್ಘಾಟನೆ. ಮುಖ್ಯ ಆಟ ಅಮೆರಿಕನ್ ಫುಟ್‌ಬಾಲ್. ಕೈಯಲ್ಲಿ ಚೆಂಡು ಹಿಡಿದು ಓಡುವ ಬಗೆಯದು. ಆದರೆ ಊರಿಗೆ ಇದೇ ಸಭಾಂಗಣವೂ ಆಗಿತ್ತು. ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 1911ರಲ್ಲಿ, ಅಧ್ಯಕ್ಷ ವುಡ್ರೊ ವಿಲ್ಸನ್ 1919ರಲ್ಲಿ ಇಲ್ಲಿಗೆ ಬಂದರು. 1924ರಲ್ಲಿ ಬೇಸ್‌ಬಾಲ್ ತಾರೆ ಬೇಬ್ ರೂತ್ ಬಂದರು.

ಕೊರಕಲನ್ನು ತುಂಬಿದ ನೆಲ ನೀರಿಗೆ ಸುಲಭವಾಗಿ ಸಡಿಲಾಗುತ್ತದೆ. 1981ರಲ್ಲಿ ಮಳೆನೀರಿನ ಕೊಳವೆ ಒಡೆದು ಮೈದಾನದ ಒಂದು ಭಾಗ ಕೊಚ್ಚಿಹೋಯಿತು. ದುರಸ್ತಿಯಾದ ಮೇಲೆ ಆಟ ಮರಳಿತು. 1999ರ ‘ಟೆನ್ ಥಿಂಗ್ಸ್ ಐ ಹೇಟ್ ಅಬೌಟ್ ಯು’ ಚಿತ್ರದಲ್ಲಿ ನಟ ಹೀತ್ ಲೆಜರ್ ಹಾಡುತ್ತ ಓಡಾಡಿದ್ದು ಇದೇ ಮೆಟ್ಟಿಲುಗಳ ಮೇಲೆ.