ದಾರಿ ಕೊಟ್ಟ ಹೆಸರು

ಉರ್ದು ಕವಿಯ ತಖಲ್ಲುಸ್ ಅವನೇ ಆರಿಸಿಕೊಂಡ ಹೆಸರು. ಲಕಬ್ ಹಾಗಲ್ಲ, ಅದನ್ನು ಇತರರು ಕೊಡಬೇಕು. ಅಮೆರಿಕದ ಅಪಲೇಚಿಯನ್ ಕಾಲುದಾರಿಯಲ್ಲಿ ತಿಂಗಳುಗಟ್ಟಲೆ ನಡೆಯುವವರ ಅಡ್ಡಹೆಸರುಗಳು ಹೆಚ್ಚಾಗಿ ಈ ಎರಡನೆಯ ಬಗೆಯವು.

ಜಾರ್ಜಿಯಾದಿಂದ ಮೇಯ್ನ್‌ವರೆಗೆ 14 ರಾಜ್ಯಗಳನ್ನು ಹಾಯುವ, ಸುಮಾರು 3,500 ಕಿಲೋಮೀಟರಿನ ಈ ದಾರಿ ಪೂರ್ಣಗೊಂಡದ್ದು 1937ರಲ್ಲಿ. 1948ರಲ್ಲಿ ಇದನ್ನು ಒಂದೇ ಸಲಕ್ಕೆ ನಡೆದು ಮುಗಿಸಿದ ಮಾಜಿ ಸೈನಿಕ ಅರ್ಲ್ ಶಾಫರ್‌ಗೆ ‘ಹುಚ್ಚ’ ಎಂಬರ್ಥದ ಹೆಸರೇ ಅಂಟಿತು. ಎಪ್ಪತ್ತರ ದಶಕದಿಂದೀಚೆಗೆ ಇದು ರೂಢಿಯಾಯಿತು. ತಂಗುವ ಗುಡಿಸಲಿನ ಪುಸ್ತಕದಲ್ಲಿ ಆ ಹೆಸರನ್ನೇ ಬರೆಯುತ್ತಾರೆ; ಬರೆದವನು ಡಾಕ್ಟರೋ ಗಾರೆಯವನೋ ತಿಳಿಯುವುದಿಲ್ಲ.

ಆದರೆ ಎಲ್ಲ ಹೆಸರೂ ಹೀಗೆ ಹಿಂದಿನದನ್ನು ಕಳಚಿಸುವುದಿಲ್ಲವೆಂಬುದಕ್ಕೆ ಎಮ್ಮಾ ಗೇಟ್‌ವುಡ್ ಸಾಕ್ಷಿ. 1955ರಲ್ಲಿ ಒಬ್ಬರೇ ಹೊರಟಾಗ ಅವರಿಗೆ 67 ವರ್ಷ, 11 ಮಕ್ಕಳ ತಾಯಿ. ಮಕ್ಕಳಿಗೆ ಹೇಳಿದ್ದು, ನಡೆದು ಬರುತ್ತೇನೆ ಎಂದಷ್ಟೇ. ಹೆಗಲಿಗೆ ತಾವೇ ಹೊಲಿದ ಚೀಲ, ಕಾಲಿಗೆ ಕ್ಯಾನ್ವಾಸ್ ಶೂ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಪತ್ರಿಕೆಗಳು ‘ಅಜ್ಜಿ ಗೇಟ್‌ವುಡ್’ ಎಂದವು, ಅದೇ ನಿಂತಿತು.

ಗೇಟ್‌ವುಡ್ ಎಂಬುದು ಗಂಡನ ಮನೆತನದ ಹೆಸರು. ಆತ ವರ್ಷಗಟ್ಟಲೆ ಹೊಡೆದು ಹಲ್ಲು ಮುರಿದವನು. ವಿಚ್ಛೇದನವಾಗಿ ಎಷ್ಟೋ ಕಾಲವಾಗಿತ್ತು. ಅಜ್ಜಿ ಎಂದು ಅಕ್ಕರೆಯಿಂದ ಕರೆದವರಿಗೆ ಇದೊಂದೂ ಗೊತ್ತಿರಲಿಲ್ಲ. ಪತ್ರಿಕೆಯವರು ಕೇಳಿದರೆ ತಾನು ವಿಧವೆ ಎನ್ನುತ್ತಿದ್ದರು. ಆತ ಇನ್ನೂ ಬದುಕಿದ್ದ.

1957ರಲ್ಲಿ ಅವರು ಮತ್ತೆ ಆ ದಾರಿ ನಡೆದರು. ಮೂರನೆಯ ಸಲ ತುಂಡುತುಂಡಾಗಿ ನಡೆದು 1964ರಲ್ಲಿ ಮುಗಿಸಿದರು, ಅಜ್ಜಿ ಗೇಟ್‌ವುಡ್ ಆಗಿಯೇ.