ರಿವಾಲ್ವರ್‌ಗೆ ಹೊಂದಿಸಬಲ್ಲ ಸೈಟ್: ಕೊರೆಯುವ ಮುನ್ನ

ಮಂಗಳೂರು: ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಬಂದೂಕು ಪರವಾನಗಿ ಎಂದೊಡನೆ ನೆನಪಾಗುವುದು ಬೆಳೆ ರಕ್ಷಣೆಯ ಕೋವಿ, ನಗರದಲ್ಲಿ ಆತ್ಮರಕ್ಷಣೆಯ ರಿವಾಲ್ವರ್. ಇವುಗಳಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ಮಾದರಿ ಸುಪರಿಚಿತ. ಅದರ ಸೈಟ್ (ನಿವೇಶನವಲ್ಲ, ಗುರಿ ಹಿಡಿಯಲು ಕಣ್ಣಿಗೆ ಆಸರೆಯಾಗುವ ಭಾಗ) ಸ್ಥಿರವಾದುದು. ನಳಿಗೆಯ ತುದಿಯಲ್ಲೊಂದು ಅಲಗು, ಹಿಂದೊಂದು ಕಚ್ಚು, ಅಷ್ಟೇ. ಗುಂಡು ಪದೇ ಪದೇ ಕೆಳಗೋ ಎಡಕ್ಕೋ ಬಿದ್ದಾಗ, ತಿರುಪಿನಿಂದ ಹೊಂದಿಸಬಲ್ಲ ಸೈಟ್ ಜೋಡಿಸುವ ಆಸೆ ಮಾಲೀಕರಲ್ಲಿ ಮೂಡುವುದು ಸಹಜ.

ಆಸೆಗೆ ಆಧಾರವೂ ಇದೆ. ಎರಡು ಸೈಟ್‌ಗಳ ನಡುವಿನ ಅಂತರ 100 ಮಿ.ಮೀ. ಎಂದಿಟ್ಟುಕೊಂಡರೆ, ಹಿಂಬದಿಯ ಸೈಟ್ 0.1 ಮಿ.ಮೀ. ಸರಿದಾಗ 25 ಮೀಟರ್ ದೂರದಲ್ಲಿ ಗುಂಡು 25 ಮಿ.ಮೀ. ಸರಿಯುತ್ತದೆ. ಸ್ಪರ್ಧೆಯ ನಿಖರ ಗುರಿಹಲಗೆಯಲ್ಲಿ ಅದು ಒಂದು ವೃತ್ತದಷ್ಟು ವ್ಯತ್ಯಾಸ. ಗುಂಡಿನ ತೂಕ ಬದಲಾದರೂ ಬೀಳುವ ಎತ್ತರ ಬದಲಾಗುತ್ತದೆ. ಆದ್ದರಿಂದಲೇ ಸ್ಪರ್ಧೆಯ ಪಿಸ್ತೂಲುಗಳಿಗೆ ಹೊಂದಿಸಬಲ್ಲ ಸೈಟ್ ಕಾರ್ಖಾನೆಯಲ್ಲೇ ಕೂರಿಸಿರುತ್ತಾರೆ.

ಕಾನ್ಪುರದ .32 ಕಥೆ ಬೇರೆ. ಅದು ಬ್ರಿಟನ್ನಿನ ವೆಬ್ಲಿ ವಿನ್ಯಾಸದ ಕೂಸು. ನಡುವೆ ಮಡಚಿ ತೆರೆದುಕೊಳ್ಳುತ್ತದೆ. ಹಿಂಬದಿಯ ಕಚ್ಚು ಇರುವುದು ನಳಿಗೆಯನ್ನು ಹಿಡಿಗೆ ಬಂಧಿಸುವ ಚಿಲಕದ ಮೇಲೆಯೇ. ಗುಂಡು ಹಾರುವ ಕ್ಷಣದಲ್ಲಿ ರಿವಾಲ್ವರ್ ತೆರೆದುಕೊಳ್ಳದಂತೆ ಕಾಯುವುದು ಇದೇ ಚಿಲಕ. ಅಲ್ಲಿ ರಂಧ್ರ ಕೊರೆದು ತಿರುಪು ಕೂರಿಸುವುದೆಂದರೆ ಬಾಗಿಲ ಅಗುಳಿಯನ್ನೇ ಕೆತ್ತಿದಂತೆ. ಇಂಥ ಪರಿವರ್ತನೆ ಆತ್ಮರಕ್ಷಣೆಯ ರಿವಾಲ್ವರ್‌ಗೆ ತಕ್ಕುದಲ್ಲ ಎಂದೇ ಹೇಳಬೇಕು. ಎದ್ದು ನಿಂತ ಸೈಟ್ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಕರಾವಳಿಯ ಮಳೆಗಾಲದಲ್ಲಿ ಸಣ್ಣ ಉಕ್ಕಿನ ತಿರುಪುಗಳಿಗೆ ತುಕ್ಕಿನ ಕಾಟ ಬೇರೆ.

ಕಾನೂನೂ ಅಡ್ಡ ನಿಲ್ಲುತ್ತದೆ. ಬೈಕಂಪಾಡಿ, ಯೆಯ್ಯಾಡಿಗಳಲ್ಲಿ ಲೇತ್ ಕೆಲಸ ಬಲ್ಲವರಿಗೆ ಕೊರತೆಯಿಲ್ಲ. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಬಂದೂಕಿನ ಪರಿವರ್ತನೆಗೂ ದುರಸ್ತಿಗೂ ಪ್ರತ್ಯೇಕ ಪರವಾನಗಿ ಬೇಕು. ರಿವಾಲ್ವರ್ ಇಟ್ಟುಕೊಳ್ಳುವ ಪರವಾನಗಿ ಅದಕ್ಕೆ ಸಾಲದು. ಉಲ್ಲಂಘನೆಯ ಶಿಕ್ಷೆಯನ್ನು 2019ರ ತಿದ್ದುಪಡಿಯು ಏಳು ವರ್ಷಗಳಿಂದ ಜೀವಾವಧಿಯವರೆಗೆ ಏರಿಸಿದೆ. ಉಜ್ಜುವಾಗ ಗುರುತಿನ ಸಂಖ್ಯೆ ಅಳಿಸಿಹೋದರೆ ಅದು ಇನ್ನೊಂದು ತೊಡಕು. ಮಂಗಳೂರಿನಲ್ಲಿ 2010ರಲ್ಲಿ ಪೊಲೀಸ್ ಕಮಿಷನರೇಟ್ ರಚನೆಯಾಗಿದ್ದು, ಅದರ ವ್ಯಾಪ್ತಿಯ ಪರವಾನಗಿದಾರರು ಆಯುಕ್ತರ ಕಚೇರಿಯಲ್ಲಿ, ಹೊರಗಿನವರು ಜಿಲ್ಲಾಧಿಕಾರಿ ಕಚೇರಿಯಲ್ಲಿ ಮುಂಚಿತವಾಗಿ ಲಿಖಿತವಾಗಿ ವಿಚಾರಿಸುವುದು ಕ್ಷೇಮ.

ಹಾಗಾದರೆ ಮಾಡಬಹುದಾದುದೇನು? ಮೊದಲು ಅಧಿಕೃತ ಶೂಟಿಂಗ್ ರೇಂಜ್‌ನಲ್ಲಿ, ತರಬೇತುದಾರರ ಎದುರು, ಕೈಗೆ ಆಸರೆ ಕೊಟ್ಟು ಐದೈದು ಗುಂಡುಗಳ ಕೆಲವು ಸರದಿ ಹಾರಿಸಿ ನೋಡಬೇಕು. ಅನೇಕ ವೇಳೆ ದೋಷ ಸೈಟ್‌ನದಲ್ಲ, ಕುದುರೆಯನ್ನು ಎಳೆಯುವ ಬೆರಳಿನದು. ಗುಂಡುಗಳು ಚೆದುರಿ ಬಿದ್ದರೆ ಸೈಟ್ ಬದಲಿಸಿ ಫಲವಿಲ್ಲ. ಒಂದೇ ಕಡೆ ಗುಂಪಾಗಿ, ಆದರೆ ಕೆಳಗೆ ಬಿದ್ದರೆ ಮುಂಬದಿಯ ಅಲಗನ್ನು ಪರವಾನಗಿ ಇರುವ ದುರಸ್ತಿಗಾರರಿಂದ ಕೂದಲೆಳೆಯಷ್ಟು ಉಜ್ಜಿಸಿದರೆ ಗುಂಡು ಮೇಲೇರುತ್ತದೆ. ಉಜ್ಜಿದ ಲೋಹ ಮರಳಿ ಬಾರದು. ಪ್ರತಿ ಬಾರಿಯೂ ಗುಂಡು ಹಾರಿಸಿ ಪರೀಕ್ಷಿಸಬೇಕು. ಕಣ್ಣಿಗೆ ಅಲಗು ಸ್ಪಷ್ಟವಾಗಿ ಕಾಣದಿರುವುದಷ್ಟೇ ತೊಂದರೆಯಾದರೆ ತುದಿಗೆ ಬಿಳಿ ಬಣ್ಣದ ಚುಕ್ಕೆ ಸಾಕು.