ಲಘುವಿಮಾನ ಹಾರಾಟದ ಕಲಿಕೆ: ವಿಜಯಪುರ ಸೀಮೆ

ವಿಜಯಪುರ ನಗರ ಮತ್ತು ಅದರ ಪಡುವಣ ಮಗ್ಗುಲಿನ ತಿಕೋಟಾ, ಬಬಲೇಶ್ವರ ತಾಲ್ಲೂಕುಗಳಲ್ಲಿ ಸಣ್ಣ ವಿಮಾನ ಹಾರಿಸಲು ಕಲಿತವರ ಇತಿಹಾಸವೆಂದರೆ ಊರು ಬಿಟ್ಟು ಹೋಗಿ ಕಲಿತವರ ಇತಿಹಾಸ. ಮುಂಬಯಿಯ ಜುಹು, ಬೆಂಗಳೂರಿನ ಜಕ್ಕೂರು, ಖಡಕವಾಸ್ಲಾ, ಬಾರಾಮತಿ ಹೀಗೆ ಹಾರುವ ಹಂಬಲದವರಿಗೆ ಒಂದೊಂದು ಕಾಲಕ್ಕೆ ಒಂದೊಂದು ಊರು ಒದಗಿತು. ಹಾರಾಟದ ಶಾಲೆ ಇಲ್ಲಿ ಬೇರೂರಲಿಲ್ಲ. ಆದರೆ ಪೈಲಟ್ ಆದವನು ಎಚ್ಚರದಿಂದಿರಲು ಕಲಿಯಬೇಕಾದ ಸಂಗತಿಗಳಾದ ಬಿಸಿಲು, ದೂಳು, ಅಡ್ಡಮಳೆ, ಎರೆಮಣ್ಣು ಇವೆಲ್ಲ ಈ ಸೀಮೆಯಲ್ಲಿ ಬೇಡವೆಂದರೂ ಸಿಗುತ್ತವೆ.

ಅಂಚೆ ವಿಮಾನದ ಕಾಲ

ಆಗ ಬಿಜಾಪುರ ಎನಿಸಿಕೊಂಡಿದ್ದ ವಿಜಯಪುರ ಜಿಲ್ಲೆ 1956ರವರೆಗೆ ಮುಂಬಯಿಗೆ ಸೇರಿತ್ತು. ಹಾಗಾಗಿ ಇಲ್ಲಿಯವರ ಪಾಲಿಗೆ ‘ನಮ್ಮ ಪ್ರಾಂತದ’ ಫ್ಲೈಯಿಂಗ್ ಕ್ಲಬ್ ಎಂದರೆ 1928ರಲ್ಲಿ ಹುಟ್ಟಿದ ಮುಂಬಯಿಯ ಕ್ಲಬ್. ಭಾರತದಲ್ಲಿ ಕೊಟ್ಟ ಮೊದಲ ಪೈಲಟ್ ಪರವಾನಗಿಯನ್ನು 1929ರ ಫೆಬ್ರವರಿ 10ರಂದು ಪಡೆದ ಜೆ.ಆರ್.ಡಿ. ಟಾಟಾ ಕಲಿತದ್ದೂ ಮುಂಬಯಿಯಲ್ಲೇ. ಶ್ರೀಮಂತರ ಹವ್ಯಾಸವಾಗಿದ್ದ ಈ ವಿದ್ಯೆ ಮೂರೇ ವರ್ಷಗಳಲ್ಲಿ ಕಸುಬಾಯಿತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಕರಾಚಿಯಿಂದ ಮುಂಬಯಿಗೆ ಅಂಚೆ ಚೀಲ ತಂದರು. ಅಲ್ಲಿಂದ ಮುಂದೆ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ಬಳ್ಳಾರಿಗೆ ಹಾರಿ, ರಾತ್ರಿ ಅಲ್ಲಿ ಉಳಿದು, ಮರುದಿನ ಮದ್ರಾಸು ಮುಟ್ಟಿದರು. ವಿಮಾನ ಪುಸ್ ಮಾತ್, ಒಂದೇ ಎಂಜಿನ್ನಿನದು.

ನಕಾಶೆಯ ಮೇಲೆ ಮುಂಬಯಿಯಿಂದ ಬಳ್ಳಾರಿಗೆ ಅಡಿಪಟ್ಟಿ ಇಟ್ಟು ಗೆರೆ ಎಳೆದರೆ ಅದು ಅಥಣಿಗೂ ಬಬಲೇಶ್ವರಕ್ಕೂ ನಡುವೆ ಹಾಯುತ್ತದೆ. ಅಂದಿನ ಪೈಲಟ್‌ಗೆ ದಾರಿ ತೋರಲು ಇದ್ದದ್ದು ದಿಕ್ಸೂಚಿ, ತೊಡೆಯ ಮೇಲಿನ ನಕಾಶೆ ಮತ್ತು ಕಣ್ಣು. ಉಪಗ್ರಹ ದಾರಿ ಹೇಳುವ ಈ ಕಾಲದಲ್ಲೂ ವಿದ್ಯಾರ್ಥಿಗಳಿಗೆ ಮೊದಲು ಕಲಿಸುವುದು ಇದನ್ನೇ. ಈ ಬಯಲುಸೀಮೆ ಅದಕ್ಕೆ ಹೇಳಿ ಮಾಡಿಸಿದಂತಿದೆ. ಬಡಗಣ ಅಂಚಿಗೆ ಭೀಮಾ, ತೆಂಕಣಕ್ಕೆ ಕೃಷ್ಣಾ, ನಡುವೆ ಅಂಕುಡೊಂಕಾದ ಡೋಣಿ. ಸೊಲ್ಲಾಪುರದ ಕಡೆಯಿಂದ ಗದಗಿಗೆ ಇಳಿಯುವ ರೈಲು ಹಳಿ. ಬಬಲೇಶ್ವರದ ಸೀಮೆಯಲ್ಲಿ ಆದಿಲ್‌ಶಾಹಿ ಕಾಲದ ಮಮದಾಪುರ ಕೆರೆ. ಇವೆಲ್ಲಕ್ಕೂ ಮಿಗಿಲಾಗಿ ಗೋಳಗುಮ್ಮಟ. ಈಗಿನವರಿಗೆ ಆಲಮಟ್ಟಿಯ ಹಿನ್ನೀರು ಮತ್ತು ಕೂಡಗಿ ವಿದ್ಯುತ್ ಸ್ಥಾವರದ ಚಿಮಣಿಗಳೂ ಗುರುತಿಗೆ ಸಿಗುತ್ತವೆ.

ಬೆಂಗಳೂರಿನ ದಾರಿ

ಕಲಿಕೆಯ ವಿಮಾನಗಳನ್ನು ನಾಡಿನಲ್ಲೇ ಕಟ್ಟುವ ಕೆಲಸಕ್ಕೆ ಕೈಹಾಕಿದವರು ವಿಜಯಪುರದ ನೆರೆಯವರೇ ಆದ ಸೊಲ್ಲಾಪುರದ ವಾಲಚಂದ್ ಹಿರಾಚಂದ್. ಮೈಸೂರು ಸಂಸ್ಥಾನದ ನೆರವಿನಿಂದ ಅವರು 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ತೆರೆದರು. ಅಲ್ಲಿ ಜೋಡಣೆಯಾಗಿ 1941ರಲ್ಲಿ ಹೊರಬಂದ ಮೊದಲ ವಿಮಾನ ಯುದ್ಧವಿಮಾನವಲ್ಲ, ಹಾರ್ಲೋ ಎಂಬ ತರಬೇತಿ ವಿಮಾನ. ಹತ್ತು ವರ್ಷದ ಮೇಲೆ, 1951ರ ಆಗಸ್ಟಿನಲ್ಲಿ, ವಿ.ಎಂ. ಘಾಟಗೆ ಅವರ ತಂಡ ವಿನ್ಯಾಸ ಮಾಡಿದ ಎಚ್‌ಟಿ-2 ಹಾರಿತು. ಎರಡು ಸೀಟಿನ ಈ ಲೋಹದ ವಿಮಾನದಲ್ಲಿ ವಾಯುಸೇನೆಯ ಒಂದಿಡೀ ತಲೆಮಾರು ಹಾರಾಟದ ಅಕ್ಷರಾಭ್ಯಾಸ ಮಾಡಿತು. 1958ರ ಪುಷ್ಪಕ್ ಇದಕ್ಕಿಂತ ಬಡವರ ಬಂಡಿ. ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಬಟ್ಟೆ ಹೊದಿಸಿ, 90 ಅಶ್ವಶಕ್ತಿಯ ಎಂಜಿನ್ ಕೂರಿಸಿದ ಈ ವಿಮಾನ ದೇಶದ ಫ್ಲೈಯಿಂಗ್ ಕ್ಲಬ್‌ಗಳ ಅಂಗಳ ತುಂಬಿತು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಹಂಸ ವಿಮಾನ 1993ರಲ್ಲೂ, ಅದರ ಹೊಸ ತಳಿ 2021ರಲ್ಲೂ ಮೊದಲ ಬಾರಿ ಹಾರಿದವು.

ಜಕ್ಕೂರಿನಲ್ಲಿ ಸರಕಾರಿ ವೈಮಾನಿಕ ತರಬೇತಿ ಶಾಲೆ ಶುರುವಾದದ್ದು 1940ರ ದಶಕದ ಕೊನೆಗೆ. ಅಲ್ಲಿಂದ ಮೊದಲು ತೇರ್ಗಡೆಯಾದವರು ಒಬ್ಬ ಹೆಣ್ಣುಮಗಳು ಎಂಬುದನ್ನು ನಾಡು ಮರೆತಂತಿದೆ. ಉಷಾ ಸುಂದರಂ 1949ರಲ್ಲಿ ಅಲ್ಲಿ ಕಲಿತು, ಮುಂದೆ ಪತಿ ವಿ. ಸುಂದರಂ ಜೊತೆ ಡವ್ ವಿಮಾನವನ್ನು ಇಂಗ್ಲೆಂಡಿನಿಂದ ಭಾರತಕ್ಕೆ 27 ಗಂಟೆಗಳಲ್ಲಿ ಹಾರಿಸಿ ತಂದರು. ರಾಜ್ಯ ಒಂದಾದ ಮೇಲೆ ಜಕ್ಕೂರು ವಿಜಯಪುರದವರ ಸ್ವಂತ ರಾಜ್ಯದ ಶಾಲೆಯಾಯಿತು. ಆದರೂ ಐನೂರು ಕಿಲೋಮೀಟರಿನ ದೂರವೇನೂ ಕಡಿಮೆಯಾಗಲಿಲ್ಲ.

ಬಡ ರೈತರ ಮನೆಯ ಹುಡುಗರಿಗೆ ನಿಜವಾಗಿ ತೆರೆದ ಬಾಗಿಲು ಬೇರೆ. 1963ರ ಸೆಪ್ಟೆಂಬರ್ 16ರಂದು ಬಿಜಾಪುರದಲ್ಲಿ ಸೈನಿಕ ಶಾಲೆ ಆರಂಭವಾಯಿತು. ಇಲ್ಲಿಂದ ಖಡಕವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಲ್ಲಿಂದ ವಾಯುಸೇನೆ ಎಂಬ ಈ ದಾರಿಯಲ್ಲಿ ಹಾರಾಟ ಕಲಿಯಲು ಹೊಲ ಮಾರಬೇಕಿರಲಿಲ್ಲ, ಪರೀಕ್ಷೆ ಗೆಲ್ಲಬೇಕಿತ್ತು. ಬೀದರವೂ ವಾಯುಸೇನೆಯ ತರಬೇತಿ ನೆಲೆ. 1996ರಲ್ಲಿ ವೈಮಾನಿಕ ಕಸರತ್ತಿನ ಸೂರ್ಯಕಿರಣ್ ತಂಡ ಕಟ್ಟಿದ್ದು ಅಲ್ಲಿ, 2008ರಲ್ಲಿ ಹಾಕ್ ತರಬೇತಿ ಜೆಟ್‌ಗಳು ಸೇರ್ಪಡೆಯಾದದ್ದೂ ಅಲ್ಲೇ.

ಇತ್ತೀಚಿನ ವರ್ಷಗಳು

ವಿಜಯಪುರಕ್ಕೊಂದು ವಿಮಾನ ನಿಲ್ದಾಣ ಬೇಕೆಂಬ ಬೇಡಿಕೆ ಹಳೆಯದು. ಬುರಣಾಪುರ–ಮದಭಾವಿ ಬಳಿಯ 727 ಎಕರೆಯಲ್ಲಿ 2021ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆ ನಡೆಯಿತು. ಮೊದಲು ಎಟಿಆರ್-72 ವಿಮಾನಗಳಿಗೆಂದು ಯೋಜಿಸಿದ್ದನ್ನು ಆಮೇಲೆ ಏರ್‌ಬಸ್ 320 ಇಳಿಯುವಷ್ಟಕ್ಕೆ ಹಿಗ್ಗಿಸಲಾಯಿತು. ಬಳಿಕ ಪರಿಸರ ಅನುಮತಿಯ ತೊಡಕಿನಲ್ಲಿ ಕೆಲಸ ಸಿಕ್ಕಿಕೊಂಡಿತು. ಅಷ್ಟರಲ್ಲಿ 2019ರ ನವೆಂಬರ್ 22ರಂದು ಕಲಬುರಗಿ ನಿಲ್ದಾಣ ತೆರೆದಿತ್ತು. 2021ರಲ್ಲಿ ಹಾರಾಟ ಶಾಲೆಗಳಿಗೆಂದು ವಿಮಾನ ನಿಲ್ದಾಣ ಪ್ರಾಧಿಕಾರ ಆರಿಸಿದ ದೇಶದ ಐದು ನಿಲ್ದಾಣಗಳಲ್ಲಿ ಕಲಬುರಗಿ, ಬೆಳಗಾವಿ ಎರಡೂ ಇದ್ದವು. ಹಾರಾಟದ ಪಾಠ ಒಂದು ಹಗಲಿನ ಬಸ್ ಪ್ರಯಾಣದ ಅಳತೆಗೆ ಬಂತು.

2024ರಲ್ಲಿ ವಿಜಯಪುರದ 18 ವರ್ಷದ ಹುಡುಗಿಯೊಬ್ಬಳು 200 ಗಂಟೆ ಹಾರಿ ವಾಣಿಜ್ಯ ಪೈಲಟ್ ಪರವಾನಗಿ ಪಡೆದದ್ದು ರಾಜ್ಯದ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಅವಳ ಹಾರಾಟದ ತರಬೇತಿ ನಡೆದದ್ದು ಮಹಾರಾಷ್ಟ್ರದ ಬಾರಾಮತಿಯಲ್ಲಿ. 18 ಎಂಬುದು ಆ ಪರವಾನಗಿಗೆ ಕಾನೂನು ಒಪ್ಪುವ ಕನಿಷ್ಠ ವಯಸ್ಸು. ವಿದ್ಯಾರ್ಥಿ ಪರವಾನಗಿಗೆ 16, ಖಾಸಗಿ ಪರವಾನಗಿಗೆ 17 ಸಾಕು. ಖಾಸಗಿಗೆ ಕನಿಷ್ಠ 40 ಗಂಟೆಯ ಹಾರಾಟ. ವಾಣಿಜ್ಯಕ್ಕೆ 200 ಗಂಟೆ, ಅದರಲ್ಲಿ 100 ಗಂಟೆ ತಾನೇ ವಿಮಾನದ ಹೊಣೆ ಹೊತ್ತಿರಬೇಕು. ಜೊತೆಗೆ ವೈದ್ಯಕೀಯ ತಪಾಸಣೆ, ದಿಕ್ಕು, ಹವಾಮಾನ, ನಿಯಮ, ವಿಮಾನದ ತಾಂತ್ರಿಕತೆ ಇವುಗಳ ಬರಹದ ಪರೀಕ್ಷೆ. ರೇಡಿಯೋದಲ್ಲಿ ಮಾತಾಡಲು ಬೇರೆಯೇ ಪರವಾನಗಿ. ಇದನ್ನೆಲ್ಲ ದಾಟಿದ ಮೇಲೂ ಕೆಲಸ ಸಿಗುವವರೆಗೆ ಕೈಯಲ್ಲಿ ಉಳಿಯುವುದು ಲಾಗ್‌ಬುಕ್ ಮತ್ತು ಸಾಲದ ಕಂತು. ಲಕ್ಷಗಟ್ಟಲೆ ಬೇಡುವ ಈ ವಿದ್ಯೆ ಇಂದಿಗೂ ಎಲ್ಲರ ಕೈಗೆ ಎಟುಕುವುದಲ್ಲ.

ಸುರಕ್ಷತೆಯ ಪಾಠ

ಹಾರಾಟದ ಮೊದಲ ಶಾಲೆಗಳಲ್ಲಿ ಗುರು ಕಲಿಸುತ್ತಿದ್ದುದು ಅಪಾಯದಿಂದ ದೂರ ಇರುವುದನ್ನು. 1917ರಲ್ಲಿ ಇಂಗ್ಲೆಂಡಿನ ಗಾಸ್‌ಪೋರ್ಟ್‌ನಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ಇದನ್ನು ತಲೆಕೆಳಗು ಮಾಡಿದ. ಅವನು ವಿದ್ಯಾರ್ಥಿಯನ್ನು ಬೇಕೆಂದೇ ಅಪಾಯದೊಳಗೆ ಕರೆದೊಯ್ದು, ಹೊರಬರುವ ಬಗೆ ಕಲಿಸಿದ. ಇಂದು ಎಲ್ಲ ಶಾಲೆಗಳಲ್ಲಿ ಸ್ಟಾಲ್ ಅಭ್ಯಾಸ ಮಾಡಿಸುವುದು ಈ ತತ್ವದ ಮೇಲೆಯೇ. ಗಾಳಿಗೆ ರೆಕ್ಕೆ ಒಡ್ಡುವ ಕೋನ ಸುಮಾರು 15 ಡಿಗ್ರಿ ದಾಟಿದರೆ ಗಾಳಿ ರೆಕ್ಕೆಯ ಬೆನ್ನು ಬಿಟ್ಟು ಚದುರುತ್ತದೆ, ಎತ್ತುವ ಬಲ ಕುಸಿಯುತ್ತದೆ. ಇದೇ ಸ್ಟಾಲ್. ಎಂಜಿನ್ ನಿಲ್ಲುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಹೆಸರು ಕೇಳಿ ಅನೇಕರು ಹಾಗೆ ತಿಳಿಯುತ್ತಾರೆ. ಮೂಗು ಕೆಳಗೆ ಮಾಡಿದರೆ ರೆಕ್ಕೆಗೆ ಜೀವ ಮರಳುತ್ತದೆ. ನೆಲ ಹತ್ತಿರವಿದ್ದಾಗ ಮಾತ್ರ ಕೈ ಸಹಜವಾಗಿ ನಿಯಂತ್ರಣದ ಕೋಲನ್ನು ಹಿಂದಕ್ಕೆ ಎಳೆಯುತ್ತದೆ. ಎತ್ತರ ಕಳೆದುಕೊಳ್ಳದೆ 60 ಡಿಗ್ರಿ ವಾಲಿ ತಿರುಗಿದರೆ ಸ್ಟಾಲ್ ವೇಗ ಶೇ 41ರಷ್ಟು ಏರುತ್ತದೆ. ಇಳಿಯುವ ಮುನ್ನ ರನ್‌ವೇ ಕಡೆಗೆ ಅವಸರದಿಂದ ತಿರುಗಿದವರಲ್ಲಿ ಅನೇಕರು ಸತ್ತದ್ದು ಈ ಲೆಕ್ಕದಲ್ಲಿ.

ಚೆಕ್‌ಲಿಸ್ಟ್ ಹುಟ್ಟಿದ್ದು ಒಂದು ದುರಂತದಿಂದ. 1935ರ ಅಕ್ಟೋಬರ್ 30ರಂದು ಅಮೆರಿಕದ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್‌ನ ಹೊಸ ಬಾಂಬರ್ ಏರಿದ ಕೂಡಲೇ ಬಿತ್ತು. ನೆಲದ ಮೇಲಿದ್ದಾಗ ಗಾಳಿಗೆ ಬಡಿದಾಡದಂತೆ ಬಾಲದ ಹಲಗೆಗಳಿಗೆ ಹಾಕಿದ್ದ ಕೀಲನ್ನು ನುರಿತ ಪೈಲಟ್ ತೆಗೆಯಲು ಮರೆತಿದ್ದ. ಹಾಗಾಗಿ ಇಂದು ಎರಡು ಸೀಟಿನ ಸೆಸ್ನಾದಲ್ಲೂ ವಿದ್ಯಾರ್ಥಿ ಚೀಟಿ ನೋಡಿ ಓದುತ್ತಾನೆ. ಬೆಳಗ್ಗೆ ಟ್ಯಾಂಕಿನ ತಳದಿಂದ ಗಾಜಿನ ಬಟ್ಟಲಿಗೆ ಇಂಧನ ಇಳಿಸಿ, ತಿಳಿನೀಲಿ ಏವ್‌ಗ್ಯಾಸ್ ಕೆಳಗೆ ನೀರಿನ ಹನಿ ಕೂತಿದೆಯೇ ಎಂದು ನೋಡುವುದೂ ಆ ಚೀಟಿಯಲ್ಲಿದೆ.

ಎಂಜಿನ್ನಿನ ಮೇಲಿನ ಭರವಸೆಗೂ ಒಂದು ಮಿತಿಯುಂಟು. ಬೆಂಗಳೂರಿನಲ್ಲೇ ತಯಾರಾದ, ಒಂದೇ ಎಂಜಿನ್ನಿನ ತರಬೇತಿ ವಿಮಾನ ಎಚ್‌ಪಿಟಿ-32 ದೀಪಕ್‌ನ ಎಂಜಿನ್ ಹಾರಾಟದ ನಡುವೆ ಕೈಕೊಟ್ಟ ಪ್ರಸಂಗಗಳು ಮತ್ತೆ ಮತ್ತೆ ಬಂದವು. 2009ರ ಅಪಘಾತದ ಬಳಿಕ ವಾಯುಸೇನೆ ಅದನ್ನು ನೆಲಕ್ಕಿಳಿಸಿತು.

ವಿಜಯಪುರದ ಬೇಸಿಗೆಗೆ ಬಂದರೆ ಲೆಕ್ಕ ಇನ್ನೂ ಬಿಗಿ. ಊರು ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಮೇ ಮಧ್ಯಾಹ್ನ 40 ಡಿಗ್ರಿ ಬಿಸಿಲಿದ್ದಾಗ ಗಾಳಿ ತೆಳ್ಳಗಾಗಿ, ರೆಕ್ಕೆಗೂ ಎಂಜಿನ್ನಿಗೂ ಅದು 1,600 ಮೀಟರ್‌ಗೂ ಮಿಕ್ಕ ಎತ್ತರದಂತೆ ತೋರುತ್ತದೆ. ಅಂದರೆ ಮಡಿಕೇರಿಗಿಂತ ಎಷ್ಟೋ ಮೇಲೆ! ಓಡುವ ದೂರ ಉದ್ದವಾಗುತ್ತದೆ, ಏರುವ ವೇಗ ಸೋರುತ್ತದೆ. ಇಬ್ಬರು ದಪ್ಪನೆಯವರು, ತುಂಬಿದ ಟ್ಯಾಂಕು, ಮಧ್ಯಾಹ್ನದ ಬಿಸಿಲು, ಈ ಮೂರನ್ನು ಒಟ್ಟಿಗೆ ಕೂಡಿಸಬಾರದು. ಬಿಸಿ ದೇಶದ ಶಾಲೆಗಳಲ್ಲಿ ಪಾಠ ನಸುಕಿನಲ್ಲೇ ಶುರುವಾಗುವುದು ಬರೀ ಶಿಸ್ತಿಗಲ್ಲ.

ಏಪ್ರಿಲ್–ಮೇನಲ್ಲಿ ಸಂಜೆ ನಾಲ್ಕರ ಹೊತ್ತಿಗೆ ಪಡುವಣದಲ್ಲಿ ಕವಿಯುವ ಅಡ್ಡಮಳೆಯ ಮೋಡ ರೈತನಿಗೆ ಸಿಹಿ. ಸಣ್ಣ ವಿಮಾನಕ್ಕೆ ಅದು ಮುಟ್ಟಬಾರದ ವಸ್ತು. ಬಲವಾದ ಗುಡುಗುಮೋಡದಿಂದ 20 ನಾಟಿಕಲ್ ಮೈಲಿ, ಅಂದರೆ 37 ಕಿಲೋಮೀಟರಿನಷ್ಟು ದೂರ ಇರಬೇಕೆಂಬುದು ಪೈಲಟ್‌ಗಳ ರೂಢಿ. ತಿಕೋಟಾದ ಮೇಲೆ ಮಿಂಚಿದರೆ, ಇಪ್ಪತ್ತು ಕಿಲೋಮೀಟರ್ ಆಚೆಯ ವಿಜಯಪುರವೂ ಆ ಸುತ್ತಿನೊಳಗೇ ಬಂತು. ಮಳೆಗಿಂತ ಮೊದಲು ಮೋಡದ ಬುಡದಿಂದ ನುಗ್ಗುವ ದೂಳುಗಾಳಿ ರನ್‌ವೇ ಮೇಲೆ ಕ್ಷಣದಲ್ಲಿ ದಿಕ್ಕು ಬದಲಿಸುತ್ತದೆ.

ಇನ್ನು ಎಂಜಿನ್ ಗಾಳಿಯಲ್ಲೇ ನಿಂತರೆ? ಆಗ ವಿಮಾನ ಕಲ್ಲಿನಂತೆ ಬೀಳುವುದಿಲ್ಲ, ಜಾರುತ್ತದೆ. ಸೆಸ್ನಾ 172 ಆದರೆ ಗಂಟೆಗೆ 120 ಕಿಲೋಮೀಟರ್ ಆಸುಪಾಸಿನ ವೇಗ ಹಿಡಿದು, ಹೊಲವೊಂದನ್ನು ಆರಿಸಿ, ಮನಸ್ಸು ಬದಲಿಸದೆ ಅಲ್ಲಿಗೇ ಹೋಗಬೇಕು. ಏರಿದ ಕೂಡಲೇ ಎಂಜಿನ್ ನಿಂತರೆ ರನ್‌ವೇಗೆ ಹೊರಳುವ ಆಸೆ ಬಿಟ್ಟು ಮುಂದೆಯೇ ಇಳಿಯಬೇಕು. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹೊರಟ ತರಬೇತಿ ವಿಮಾನವೊಂದು ಹೊನ್ನಿಹಾಳದ ಹೊಲದಲ್ಲಿ ಇಳಿಯಿತು. ಒಳಗಿದ್ದ ಇಬ್ಬರೂ ಬದುಕಿದರು.

ಹೀಗೆ ಇಳಿಯಲು ತಕ್ಕ ಹೊಲ ಯಾವುದೆಂಬುದು ವಿಜಯಪುರ ಸೀಮೆಯಲ್ಲಿ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಬೇಸಿಗೆಯಲ್ಲಿ, ಬಿಳಿಜೋಳ ಕೊಯ್ದ ಮೇಲೆ, ಎರೆಹೊಲ ಗಟ್ಟಿ. ಸಾಲಿನ ಗುಂಟ ಇಳಿದರೆ ಸರಿ, ಅಡ್ಡ ಇಳಿದರೆ ಗಾಲಿ ಮುರಿಯುತ್ತದೆ. ನಾಲ್ಕು ಮಳೆ ಬಿದ್ದ ಮೇಲೆ ಅದೇ ಎರೆ ಮುಂಗಾಲಿಯನ್ನು ನುಂಗಿ ವಿಮಾನವನ್ನು ಮೂಗಿನ ಮೇಲೆ ನಿಲ್ಲಿಸುತ್ತದೆ. ಒಣದ್ರಾಕ್ಷಿಗೆ ಹೆಸರಾದ ತಿಕೋಟಾ ಸೀಮೆಯ ತೋಟಗಳು ಮೇಲಿನಿಂದ ಮೆತ್ತನೆಯ ಹಸಿರು ಜಮಖಾನೆಯಂತೆ ಕಾಣುತ್ತವೆ. ಎಲೆಗಳ ಕೆಳಗೆ ಇರುವುದು ಸಾಲುಗಂಬ ಮತ್ತು ಬಿಗಿದು ಕಟ್ಟಿದ ತಂತಿ.